ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದ ಹಳೆ ಮಾರುತಿ 800
ಮಡಿಕೇರಿ ಮಳೆಯಲ್ಲಿ ಹೊರಗೇ ನಿಲ್ಲುವ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಗಾಡಿ ಬೆಳಿಗ್ಗೆ ಮಾತ್ರ ಸತಾಯಿಸಿ, ಐಡಲಿಂಗ್‌ನಲ್ಲಿ ನಡುಗಿ, ಬಿಸಿಯಾದ ಮೇಲೆ ಸರಿಹೋಗುತ್ತದೆ ಅಂದಿರಲ್ವಾ, ಬಹುಶಃ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಕ್ಯಾಪಿನೊಳಗೆ ತೇವ ಕೂತಿದೆ. ಸುಮ್ನೆ ಕಾರ್ಬ್ಯುರೇಟರ್ ಬಿಚ್ಚಿಸಬೇಡಿ.

ಇಂಜಿನ್ ಆಫ್ ಮಾಡಿ ಕ್ಯಾಪ್ ತೆಗೆಯಿರಿ, ಒಳಗೆ ಒಣ ಬಟ್ಟೆಯಿಂದ ಒರೆಸಿ. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಒರೆಸಿ ಪ್ರಯೋಜನವಿಲ್ಲ, ಕರೆಂಟ್ ಆ ಗೆರೆಯಲ್ಲೇ ಸೋರುತ್ತದೆ. ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಎರಡನ್ನೂ ಬದಲಿಸಿ. ಆಮೇಲೆ ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ಓಡಿಸಿ ನೋಡಿ. ಪ್ಲಗ್ ವೈರ್ ಮೇಲೆ ನೀಲಿ ಕಿಡಿ ಹಾರಿದರೆ ವೈರ್ ಹೋಗಿದೆ. ದಯವಿಟ್ಟು ಮುಟ್ಟಬೇಡಿ, ಶಾಕ್ ಜೋರಾಗಿ ಹೊಡೆಯುತ್ತದೆ.

ಇಷ್ಟಾದರೂ ನಡುಗಿದರೆ ವ್ಯಾಕ್ಯೂಮ್ ಪೈಪ್ (ಇಂಜಿನ್ನಿನ ಎಳೆತ ಒಯ್ಯುವ ಸಣ್ಣ ರಬ್ಬರ್ ಕೊಳವೆ) ಬಿರುಕು ಬಿಟ್ಟಿರಬಹುದು, ಇಲ್ಲವೇ ಚೋಕ್ (ತಣ್ಣಗಿನ ಇಂಜಿನ್ನಿಗೆ ಗಾಳಿ ಕಡಿಮೆ ಮಾಡುವ ವ್ಯವಸ್ಥೆ) ಕೇಬಲ್ ಸಡಿಲವಿರಬಹುದು. ಯಾವುದೆಂದು ನೋಡದೆ ಹೇಳುವುದು ಕಷ್ಟ. ಏರ್ ಫಿಲ್ಟರ್ ತೆಗೆದು, ಚೋಕ್ ಎಳೆದಾಗ ಕಾರ್ಬ್ಯುರೇಟರ್ ಬಾಯೊಳಗಿನ ತಗಡು ಪೂರ್ತಿ ಮುಚ್ಚುತ್ತದಾ ನೋಡಿ.