ದೈತ್ಯ ಆಮೆಗಳನ್ನು ಎಲ್ಲಿ ನೋಡಬೇಕು, ಹೇಗೆ ನೋಡಬೇಕು?

ನೀವು ಎರಡು ಮಾತು ಕೇಳಿದ್ದೀರಿ. ಕುಟುಂಬದೊಡನೆ ವಿದೇಶ ಪ್ರವಾಸಕ್ಕೆ ಹೊರಟಾಗ ದೈತ್ಯ ಆಮೆಗಳನ್ನು ನೋಡಲು ಯಾವ ಊರಿನ ಮೃಗಾಲಯಕ್ಕೆ ಹೋಗುವುದು ಒಳ್ಳೆಯದು ಎಂಬುದು ಮೊದಲನೆಯದು. ಗಂಟೆಗಟ್ಟಲೆ ಕದಲದೆ ಬಿದ್ದುಕೊಂಡಿರುವ ಪ್ರಾಣಿಯನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಅಷ್ಟು ದೂರ ಹೋಗುವುದು ಸಾರ್ಥಕವೇ ಎಂಬುದು ಎರಡನೆಯದು. ನಾನು ಹೊನ್ನಾವರದ ಕಡೆಯವನು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸರಕು ಹಡಗುಗಳ ಎಂಜಿನ್ ವಿಭಾಗದಲ್ಲಿ ದುಡಿದಿದ್ದೇನೆ. ಬಂದರಿನಲ್ಲಿ ಒಂದು ದಿನದ ಬಿಡುವು ಸಿಕ್ಕರೆ ಜೊತೆಯವರು ಪೇಟೆಗೆ ಹೋಗುತ್ತಿದ್ದರು; ನಾನು ಆ ಊರಿನಲ್ಲಿ ಆಮೆಗಳಿರುವ ಜಾಗ ಎಲ್ಲಿದೆ ಎಂದು ವಿಚಾರಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಆದ್ದರಿಂದ ಎರಡಕ್ಕೂ ನನ್ನ ಅನುಭವದಿಂದಲೇ ಉತ್ತರಿಸುತ್ತೇನೆ.

ಈ ಗೀಳು ಹತ್ತಿದ್ದು 2005ರಲ್ಲಿ, ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿ. ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಹುಲಿ ನೋಡಲು ಹೋದವನು ಅದ್ವೈತನ ಆವರಣದ ಮುಂದೆ ನಿಂತುಬಿಟ್ಟೆ. ಅದು ಹಿಂದೂ ಮಹಾಸಾಗರದ ಅಲ್ಡಾಬ್ರಾ ಹವಳದ್ವೀಪದ ಜಾತಿಯ ಗಂಡು ಆಮೆ. ಅದನ್ನು ರಾಬರ್ಟ್ ಕ್ಲೈವ್ ಸಾಕಿದ್ದನೆಂದೂ, ಮೃಗಾಲಯ ಶುರುವಾದ ಕಾಲದಲ್ಲಿ, ಅಂದರೆ 1870ರ ದಶಕದಲ್ಲಿ, ಅಲ್ಲಿಗೆ ಬಂದಿತೆಂದೂ ಹೇಳುತ್ತಿದ್ದರು. ಮರುವರ್ಷ ಮಾರ್ಚ್‌ನಲ್ಲಿ ಅದು ಸತ್ತಾಗ 255 ವರ್ಷ ಬದುಕಿತ್ತೆಂದು ಪತ್ರಿಕೆಗಳು ಬರೆದವು. ಆ ವಯಸ್ಸು ಈವರೆಗೂ ಸಾಬೀತಾಗಿಲ್ಲ. ಅದೇ ವರ್ಷ ಜೂನ್‌ನಲ್ಲಿ ಆಸ್ಟ್ರೇಲಿಯಾದ ಮೃಗಾಲಯವೊಂದರಲ್ಲಿ ಹ್ಯಾರಿಯೆಟ್ ಎಂಬ, ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಆಮೆ ತನ್ನ ಸುಮಾರು 175ನೆಯ ವಯಸ್ಸಿನಲ್ಲಿ ತೀರಿಕೊಂಡಿತು. ಅದನ್ನು ಚಾರ್ಲ್ಸ್ ಡಾರ್ವಿನ್ ಹಿಡಿದು ತಂದಿದ್ದನೆಂಬ ಕಥೆ ಬಹಳ ಪ್ರಚಾರದಲ್ಲಿತ್ತು. ಆದರೆ ಅದರ ವಂಶವಾಹಿ ಪರೀಕ್ಷೆ ಬೊಟ್ಟು ಮಾಡಿದ್ದು ಗಲಾಪಗೋಸ್‌ನಲ್ಲೇ ಡಾರ್ವಿನ್ ಕಾಲಿಡದ ಸಾಂಟಾ ಕ್ರೂಜ್ ದ್ವೀಪದ ಕಡೆಗೆ. ವಯಸ್ಸಾದ ಆಮೆಯ ಚಿಪ್ಪಿನ ಗೆರೆಗಳು ಸವೆದು ನುಣುಪಾಗಿಬಿಡುವುದರಿಂದ ಅವುಗಳನ್ನು ಎಣಿಸಿ ಆಯಸ್ಸು ಹೇಳಲಾಗದು. ಹಾಗಾಗಿ ಫಲಕದ ಮೇಲೆ ಬರೆದ ವಯಸ್ಸಿಗಿಂತ, ಆ ಆಮೆ ಯಾವ ದ್ವೀಪದಿಂದ ಬಂತು, ಯಾರು ತಂದರು, ಅದಕ್ಕೆ ಮರಿಗಳಾಗಿವೆಯೇ ಎಂಬುದನ್ನು ವಿಚಾರಿಸಿ ತಿಳಿದುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಯಾರು ತಂದರು ಎಂಬ ಪ್ರಶ್ನೆ ನನ್ನಂಥವನಿಗೆ ನೋವಿನದು, ಏಕೆಂದರೆ ಉತ್ತರ ಬಹುಪಾಲು ಒಂದೇ: ಹಡಗಿನವರು. ದೈತ್ಯ ಆಮೆ ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ ಬದುಕಬಲ್ಲದು. ಶೀತಲೀಕರಣ ಇಲ್ಲದ ಕಾಲದಲ್ಲಿ ಹಡಗಿನವರಿಗೆ ಅದು ಕೆಡದೆ ಉಳಿಯುವ ತಾಜಾ ಮಾಂಸವಾಗಿತ್ತು. ಜೀವಂತ ಆಮೆಗಳನ್ನು ಹಡಗಿನ ತಳದ ಉಗ್ರಾಣದಲ್ಲಿ ಒಂದರ ಮೇಲೊಂದು ಪೇರಿಸಿಕೊಂಡು ಒಯ್ಯುತ್ತಿದ್ದರು. ಗಲಾಪಗೋಸ್‌ನಿಂದ ಹೀಗೆ ಹೋದ ಆಮೆಗಳು ಒಂದು ಲಕ್ಷಕ್ಕೂ ಹೆಚ್ಚೆಂದು ಅಂದಾಜಿದೆ. ನ್ಯೂಯಾರ್ಕಿನ ಮತ್ಸ್ಯಾಲಯದಲ್ಲಿದ್ದ ಚಾರ್ಲ್ಸ್ ಟೌನ್‌ಸೆಂಡ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ತಿಮಿಂಗಿಲ ಬೇಟೆಯ ಹಡಗುಗಳ ಹಳೆಯ ಲಾಗ್ ಪುಸ್ತಕಗಳನ್ನು ಕುಳಿತು ಓದಿ, ಯಾವ ಹಡಗು ಯಾವ ದ್ವೀಪದಿಂದ ಎಷ್ಟು ಆಮೆಗಳನ್ನು ಏರಿಸಿಕೊಂಡಿತೆಂದು ಲೆಕ್ಕ ತೆಗೆದರು. ನಾನೂ ದಿನಕ್ಕೆರಡು ಬಾರಿ ಎಂಜಿನ್ ಕೋಣೆಯ ಲಾಗ್ ಬರೆದವನು. ಎಣ್ಣೆ ಇಷ್ಟು, ನೀರು ಇಷ್ಟು ಎಂದು ನಾವು ಬರೆಯುವ ಹಾಗೆಯೇ ಅವರು ಆಮೆ ಇಷ್ಟು ಎಂದು ಬರೆದಿಟ್ಟಿದ್ದರು ಎಂದು ತಿಳಿದ ದಿನದಿಂದ ಈ ಪ್ರಾಣಿಯನ್ನು ಬರಿಯ ಕುತೂಹಲದಿಂದ ನೋಡಲು ನನ್ನಿಂದ ಆಗಿಲ್ಲ.

ಹಿಂದೂ ಮಹಾಸಾಗರದಲ್ಲಿ ಇನ್ನೂ ಹೆಚ್ಚಿನ ಅನಾಹುತವಾಯಿತು. ಮಾರಿಷಸ್, ರಿಯೂನಿಯನ್, ರೊಡ್ರಿಗಸ್ ದ್ವೀಪಗಳಿಗೆ ತಮ್ಮವೇ ಆದ ದೈತ್ಯ ಆಮೆಗಳಿದ್ದವು. 1691ರಿಂದ ಎರಡು ವರ್ಷ ರೊಡ್ರಿಗಸ್‌ನಲ್ಲಿದ್ದ ಫ್ರಾನ್ಸ್ವಾ ಲೆಗಾ ಎಂಬ ಫ್ರೆಂಚ್ ಪ್ರವಾಸಿ, ಅಲ್ಲಿ ಆಮೆಗಳ ಬೆನ್ನಿನ ಮೇಲೆಯೇ ನೂರು ಹೆಜ್ಜೆ ನಡೆಯಬಹುದಿತ್ತು ಎಂದು ದಾಖಲಿಸಿದ್ದಾನೆ. ಆ ಜಾತಿಗಳಲ್ಲಿ ಒಂದೂ ಈಗ ಇಲ್ಲ. ಉಳಿದದ್ದು ಅಲ್ಡಾಬ್ರಾ ಮಾತ್ರ. ಮನುಷ್ಯರು ಬಾಳಲಾಗದಷ್ಟು ಒರಟಾದ ಹವಳದ ಕಲ್ಲು, ಸಿಹಿನೀರಿನ ಅಭಾವ, ಎಲ್ಲಕ್ಕೂ ದೂರವಾದ ನೆಲೆ ಅದನ್ನು ಕಾಪಾಡಿದವು. 1874ರಲ್ಲಿ ಡಾರ್ವಿನ್, ಸಸ್ಯವಿಜ್ಞಾನಿ ಜೋಸೆಫ್ ಹುಕರ್ ಮೊದಲಾದವರು ಅಲ್ಡಾಬ್ರಾದ ಆಮೆಗಳನ್ನಾದರೂ ಉಳಿಸಿರೆಂದು ಮಾರಿಷಸ್ಸಿನ ಗವರ್ನರ್‌ಗೆ ಮನವಿ ಬರೆದರು. ಇಂದು ಅಲ್ಲಿ ಸುಮಾರು ಒಂದು ಲಕ್ಷ ಆಮೆಗಳಿವೆ. 1982ರಿಂದ ಅದು ಯುನೆಸ್ಕೋ ವಿಶ್ವ ಪರಂಪರೆಯ ತಾಣವೂ ಹೌದು. ಮೃಗಾಲಯಗಳಲ್ಲಿ ನಿಮಗೆ ಹೆಚ್ಚಾಗಿ ಕಾಣಸಿಗುವುದು ಈ ಅಲ್ಡಾಬ್ರಾ ಆಮೆಯೇ.

ಅಲ್ಡಾಬ್ರಾ, ಗಲಾಪಗೋಸ್ ಆಮೆಗಳೆರಡನ್ನೂ ಗುರುತಿಸುವ ಸುಲಭ ಉಪಾಯವೊಂದಿದೆ, ಮಕ್ಕಳಿಗೆ ಹೇಳಿಕೊಡಿ. ಕುತ್ತಿಗೆ ಹೊರಬರುವ ಜಾಗದಲ್ಲಿ ಬೆನ್ನಚಿಪ್ಪಿನ ಅಂಚಿನ ನಟ್ಟನಡುವೆ ಒಂದು ಪುಟ್ಟ ಬಿಲ್ಲೆ ಕೂಡಿಸಿದಂತಿದ್ದರೆ ಅದು ಸಾಮಾನ್ಯವಾಗಿ ಅಲ್ಡಾಬ್ರಾದ್ದು. ಗಲಾಪಗೋಸ್ ಆಮೆಗೆ ಆ ಬಿಲ್ಲೆ ಇರುವುದಿಲ್ಲ. ಮೂಗನ್ನೂ ನೋಡಿ. ಅಲ್ಡಾಬ್ರಾ ಆಮೆಯ ಮೂಗಿನ ಹೊಳ್ಳೆಗಳು ಉದ್ದುದ್ದ ಸೀಳಿದಂತಿರುತ್ತವೆ. ಕಲ್ಲಿನ ಕುಳಿಯಲ್ಲಿ ತೆಳ್ಳಗೆ ನಿಂತ ಮಳೆನೀರನ್ನು ಅದು ಮೂಗಿನಿಂದಲೇ ಹೀರಿಕೊಳ್ಳಬಲ್ಲದು. ಇದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ, ಅದಕ್ಕಾಗಿ ಮುಕ್ಕಾಲು ಗಂಟೆ ಕಾಯಬೇಕಾಯಿತು.

ಪೂರ್ವ ಆಫ್ರಿಕಾದ ಜಾಂಜಿಬಾರ್‌ಗೆ ಹೋಗುವವರು ಪಟ್ಟಣದಿಂದ ದೋಣಿಯಲ್ಲಿ ಚಾಂಗೂ ದ್ವೀಪಕ್ಕೆ ಹೋಗಬಹುದು. 1919ರಲ್ಲಿ ಸೇಶೆಲ್ಸ್‌ನ ಬ್ರಿಟಿಷ್ ಗವರ್ನರ್ ಉಡುಗೊರೆಯಾಗಿ ಕಳುಹಿಸಿದ ನಾಲ್ಕು ಅಲ್ಡಾಬ್ರಾ ಆಮೆಗಳಿಂದ ಅಲ್ಲಿನ ಬಳಗ ಆರಂಭವಾಯಿತು. ಚಿಪ್ಪಿನ ಮೇಲೆ ಬಣ್ಣದಲ್ಲಿ ವಯಸ್ಸು ಬರೆದಿರುತ್ತಾರೆ. ನನಗೆ ಅದು ಹಿಡಿಸಲಿಲ್ಲ. ಜನಸಂದಣಿಯೂ ಹೆಚ್ಚು.

ನನ್ನ ಮನಸ್ಸಿನಲ್ಲಿ ಉಳಿದ ಊರು ಮಾರಿಷಸ್. ಪಾಂಪ್ಲೆಮೂಸ್ ಸಸ್ಯೋದ್ಯಾನದಲ್ಲಿ ಅಲ್ಡಾಬ್ರಾ ಆಮೆಗಳ ಒಂದು ಆವರಣವಿದೆ. ದಕ್ಷಿಣದ ಲಾ ವನೀಯ್ ಉದ್ಯಾನದಲ್ಲಿ ನೂರಾರು ಆಮೆಗಳ ನಡುವೆಯೇ ಓಡಾಡಬಹುದು. ಮಕ್ಕಳು ಅಲ್ಲಿಂದ ಹೊರಡಲು ಒಪ್ಪುವುದಿಲ್ಲ. ಆದರೆ ನಾನು ಕಳುಹಿಸುವುದಾದರೆ ಮಾಹೆಬೂರ್ಗ್ ಬಳಿಯ ಈಲ್ ಒ ಜೆಗ್ರೆಟ್ ಎಂಬ ಪುಟ್ಟ ದ್ವೀಪಕ್ಕೆ ಕಳುಹಿಸುತ್ತೇನೆ. ಅದು ಮೃಗಾಲಯವಲ್ಲ, 26 ಹೆಕ್ಟೇರಿನ ಸಂರಕ್ಷಿತ ದ್ವೀಪ. ಮಾರಿಷಸ್ಸಿನ ಕರಾವಳಿಯಲ್ಲಿ ಹಿಂದೆ ಹಬ್ಬಿದ್ದ ಎಬೊನಿ ಮರಗಳ ಕಾಡಿನ ಕೊನೆಯ ತುಣುಕು ಅಲ್ಲಿದೆ. ಆ ಮರದ ಹಣ್ಣನ್ನು ತಿಂದು ಬೀಜವನ್ನು ದೂರ ದೂರಕ್ಕೆ ಒಯ್ಯುತ್ತಿದ್ದ ಆಮೆಗಳು ಅಳಿದ ಮೇಲೆ ಬೀಜಗಳು ತಾಯಿಮರದ ಬುಡದಲ್ಲೇ ಬಿದ್ದು ಹಾಳಾಗುತ್ತಿದ್ದವು. 2000ದಲ್ಲಿ, ಅಳಿದುಹೋದ ನೆಂಟರ ಕೆಲಸವನ್ನು ಇವಾದರೂ ಮಾಡಲಿ ಎಂದು ಅಲ್ಡಾಬ್ರಾ ಆಮೆಗಳನ್ನು ತಂದು ಬಿಟ್ಟರು. ಅವು ಹಣ್ಣು ತಿಂದವು, ನಡೆದವು, ಸಗಣಿ ಹಾಕಿದವು; ಅವುಗಳ ಹೊಟ್ಟೆ ಹೊಕ್ಕು ಬಂದ ಬೀಜಗಳು ಬೇರೆ ಬೀಜಗಳಿಗಿಂತ ಚೆನ್ನಾಗಿ ಮೊಳೆತವು. ನಮ್ಮ ಮಾರ್ಗದರ್ಶಿ ಹೆಣ್ಣುಮಗಳು ಕಾಲುದಾರಿಯ ಪಕ್ಕದಲ್ಲಿ ಬಗ್ಗಿ, ತಾಯಿಮರ ಕಾಣಿಸದಷ್ಟು ದೂರದಲ್ಲಿ ಗುಂಪಾಗಿ ಎದ್ದ ಗೇಣುದ್ದದ ಎಬೊನಿ ಸಸಿಗಳನ್ನು ತೋರಿಸಿದಳು. ಅಷ್ಟು ವರ್ಷ ಬೇಲಿಯಾಚೆಯಿಂದ ಆಮೆಗಳನ್ನು ನೋಡಿದ್ದರೂ ಅವು ಲೋಕದಲ್ಲಿ ಮಾಡುವ ಕೆಲಸವೇನೆಂದು ನನಗೆ ಹೊಳೆದದ್ದು ಆ ಸಸಿಗಳ ಮುಂದೆ ನಿಂತಾಗ.

ಗಲಾಪಗೋಸ್ ಆಮೆಗಳಿಗೆ ಅಮೆರಿಕದ ಸ್ಯಾನ್ ಡಿಯೇಗೊ ಮೃಗಾಲಯ ಒಳ್ಳೆಯದು. ಮೇಲೆ ಹೇಳಿದ ಟೌನ್‌ಸೆಂಡ್ ಲೆಕ್ಕ ಬರೆದು ಸುಮ್ಮನಾಗಲಿಲ್ಲ. ದ್ವೀಪಗಳಲ್ಲಿ ಆಮೆಗಳ ಸಂತತಿ ಮುಗಿದೇ ಹೋಗುವುದೆಂಬ ಭಯದಿಂದ 1928ರಲ್ಲಿ ಸ್ವತಃ ಹೋಗಿ ಹಲವು ಆಮೆಗಳನ್ನು ತಂದು, ಬೆಚ್ಚನೆಯ ಊರುಗಳ ಮೃಗಾಲಯಗಳಿಗೆ ಹಂಚಿದರು; ಸ್ಯಾನ್ ಡಿಯೇಗೊದ ಹಿಂಡಿನ ಮೂಲ ಅಲ್ಲಿದೆ. ಇದೇ ಮೃಗಾಲಯದಲ್ಲಿದ್ದ ಡಿಯೇಗೊ ಎಂಬ ಗಂಡಾಮೆಯ ಕಥೆಯನ್ನು ಮಕ್ಕಳಿಗೆ ಹೇಳಿಯೇ ಕರೆದುಕೊಂಡು ಹೋಗಿ. ಅದು ಗಲಾಪಗೋಸ್‌ನ ಎಸ್ಪಾನ್ಯೋಲಾ ದ್ವೀಪದ್ದು. 1960ರ ದಶಕದ ಹೊತ್ತಿಗೆ ಆ ದ್ವೀಪದಲ್ಲಿ ಉಳಿದದ್ದು ಹನ್ನೆರಡು ಹೆಣ್ಣು, ಎರಡು ಗಂಡು, ಒಟ್ಟು ಹದಿನಾಲ್ಕೇ ಆಮೆಗಳು. ಅವು ಒಂದಕ್ಕೊಂದು ಸಿಗದಷ್ಟು ಚದುರಿಹೋಗಿದ್ದವು. ಎಲ್ಲವನ್ನೂ ಸಾಂಟಾ ಕ್ರೂಜ್ ದ್ವೀಪದ ಡಾರ್ವಿನ್ ಸಂಶೋಧನಾ ಕೇಂದ್ರಕ್ಕೆ ತಂದರು. 1970ರ ದಶಕದಲ್ಲಿ ಡಿಯೇಗೊವನ್ನೂ ಮೃಗಾಲಯದಿಂದ ಅಲ್ಲಿಗೆ ಕಳುಹಿಸಿದರು. ಮುಂದಿನ ನಲವತ್ತು ವರ್ಷಗಳಲ್ಲಿ ಈ ಹದಿನೈದರ ಸಂತಾನ ಸುಮಾರು ಎರಡು ಸಾವಿರವಾಯಿತು. ಅದರಲ್ಲಿ ನೂರಕ್ಕೆ ನಲವತ್ತು ಡಿಯೇಗೊನ ಮಕ್ಕಳು. 2020ರ ಜೂನ್‌ನಲ್ಲಿ ಹದಿನೈದು ಹಿರಿಯ ಆಮೆಗಳನ್ನೂ ಎಸ್ಪಾನ್ಯೋಲಾಕ್ಕೆ ಮರಳಿ ಬಿಟ್ಟರು. ಆ ಸುದ್ದಿ ಬಂದಾಗ ನಾನು ಕೋವಿಡ್ ಕಾರಣದಿಂದ ಇಳಿಯಲಾಗದೆ ತಿಂಗಳುಗಟ್ಟಲೆ ಹಡಗಿನಲ್ಲೇ ಉಳಿದಿದ್ದೆ. ಎಂಬತ್ತು ವರ್ಷಗಳ ಮೇಲೆ ಊರು ಸೇರಿದ ಆ ಪ್ರಾಣಿಯ ಚಿತ್ರ ನೋಡಿ ಕಣ್ಣು ತುಂಬಿ ಬಂತು. ಗಲಾಪಗೋಸ್‌ನದೇ ಆದ ಪಿಂಟಾ ದ್ವೀಪದ ಜಾರ್ಜ್ ಎಂಬ ಆಮೆಗೆ ಅಂಥ ಭಾಗ್ಯ ಇರಲಿಲ್ಲ. ಅದರ ಜಾತಿಯ ಇನ್ನೊಂದು ಆಮೆ ಯಾವ ಮೃಗಾಲಯದಲ್ಲೂ ಸಿಗದೆ, ಅದು 2012ರ ಜೂನ್ 24ರಂದು ಒಂಟಿಯಾಗಿ ಸತ್ತಿತು.

ಯುರೋಪಿನಲ್ಲಾದರೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮೃಗಾಲಯ. ಗಲಾಪಗೋಸ್ ಆಮೆಗಳು ಅಲ್ಲಿ 1989ರಿಂದ ಮರಿ ಮಾಡುತ್ತಿವೆ. ಮಸೋಲಾ ಎಂಬ, ಪಾರದರ್ಶಕ ಚಾವಣಿಯ ಕೆಳಗೆ ಬೆಳೆಸಿದ ದೊಡ್ಡ ಕಾಡಿನಲ್ಲಿ ಅಲ್ಡಾಬ್ರಾ ಆಮೆಗಳೂ ಇವೆ. ಮೊಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿ ಇಡುತ್ತಾರೆ. ತುಸು ಹೆಚ್ಚು ಬಿಸಿಯಲ್ಲಿಟ್ಟರೆ ಹೆಣ್ಣು, ತಂಪಿನಲ್ಲಿಟ್ಟರೆ ಗಂಡು ಹುಟ್ಟುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1932ರಿಂದ ಇದ್ದ ಹೆಣ್ಣಾಮೆಯೊಂದಕ್ಕೆ ನೂರು ವರ್ಷದ ಹೊಸ್ತಿಲಲ್ಲಿ, 2025ರಲ್ಲಿ, ಮೊದಲ ಮರಿಗಳಾದವು.

ಸಾಧ್ಯವಿದ್ದಾಗ ನೋಡದೆ ಉಳಿದ ಆಮೆಯೊಂದರ ಕೊರಗು ನನಗಿದೆ. ಚೀನಾದ ಸೂಚೌ ಮೃಗಾಲಯದಲ್ಲಿ ಯಾಂಗ್ಜಿ ನದಿಯ ದೈತ್ಯ ಮೃದುಚಿಪ್ಪಿನ ಆಮೆಗಳ ಜೋಡಿಯೊಂದಿತ್ತು. ಹೆಣ್ಣು ಆಮೆ ದಶಕಗಳ ಕಾಲ ಚಾಂಗ್ಶಾ ಎಂಬ ಊರಿನ ಮೃಗಾಲಯದಲ್ಲಿ ಅದು ಯಾವ ಜಾತಿಯೆಂದು ಯಾರಿಗೂ ಸರಿಯಾಗಿ ತಿಳಿಯದೆಯೇ ಬದುಕಿತ್ತು; ಗುರುತು ಹಿಡಿದ ಮೇಲೆ 2008ರಲ್ಲಿ ಗಂಡಿನ ಬಳಿಗೆ ತಂದರು. ಮೊಟ್ಟೆ ಇಟ್ಟರೂ ಒಂದೂ ಮರಿಯಾಗಲಿಲ್ಲ. ಶಾಂಘೈನಲ್ಲಿ ನಮ್ಮ ಹಡಗು ಎರಡು ಸಲ ನಿಂತಿತ್ತು, ಸೂಚೌಗೆ ಅಲ್ಲಿಂದ ರೈಲಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಮುಂದಿನ ಸಲ ನೋಡೋಣ ಎಂದುಕೊಂಡೆ. 2019ರ ಏಪ್ರಿಲ್‌ನಲ್ಲಿ ಕೃತಕ ಗರ್ಭಧಾರಣೆಯ ಪ್ರಯತ್ನದ ಮರುದಿನ ಆ ಹೆಣ್ಣು ಸತ್ತಿತು. ಆ ಜಾತಿಯಲ್ಲಿ ಈಗ ಗೊತ್ತಿರುವವು ಬೆರಳೆಣಿಕೆಯಷ್ಟೂ ಇಲ್ಲ.

ಇನ್ನು ಕದಲದೆ ಬಿದ್ದಿರುತ್ತವೆ ಎಂಬ ನಿಮ್ಮ ಅನುಮಾನ. ಮಧ್ಯಾಹ್ನ ಹೋದರೆ ಅದು ನಿಜ; ಬಿಸಿಲು ಏರಿದಾಗ ಅವು ನೆರಳಿನಲ್ಲೋ ಕೆಸರಿನಲ್ಲೋ ಬಿದ್ದುಕೊಳ್ಳುತ್ತವೆ. ಬೆಚ್ಚನೆಯ ಊರಿನಲ್ಲಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಬೇರೆ ಪ್ರಾಣಿಗಳನ್ನು ಆಮೇಲೆ ನೋಡಿ. ಆಗ ಹುಲ್ಲನ್ನು ಕಚ್ಚಿ ಕೀಳುವ ಸದ್ದು ಕೇಳುತ್ತದೆ. ನಡೆಯುವಾಗ ಚಿಪ್ಪನ್ನು ನೆಲಕ್ಕೆ ಎಳೆಯದೆ ಆನೆಯಂಥ ಕಾಲುಗಳ ಮೇಲೆ ಎತ್ತಿ ಹಿಡಿದಿರುವುದು ಕಾಣುತ್ತದೆ. ಬೆಚ್ಚಿ ತಲೆ ಒಳಗೆಳೆದುಕೊಂಡಾಗ ಎದೆಯ ಗಾಳಿ ಬುಸ್ಸೆಂದು ಹೊರಗೆ ಬರುತ್ತದೆ. ಪ್ರಾಣಿಪಾಲಕರು ಕುತ್ತಿಗೆಯ ಬುಡ ಕೆರೆದರೆ ಆಮೆ ನಾಲ್ಕೂ ಕಾಲಿನ ಮೇಲೆ ನೆಟ್ಟಗೆ ಎದ್ದು, ಕತ್ತು ಚಾಚಿ, ಅಲುಗದೆ ನಿಲ್ಲುವುದುಂಟು. ಗಲಾಪಗೋಸ್‌ನಲ್ಲಿ ಪುಟ್ಟ ಫಿಂಚ್ ಹಕ್ಕಿಗಳು ಮೈಮೇಲಿನ ರಕ್ತ ಹೀರುವ ಉಣ್ಣಿಗಳನ್ನು ಹೆಕ್ಕಲು ಬಂದಾಗ ಅವು ನಿಲ್ಲುವುದು ಹೀಗೆಯೇ. ಸೊಪ್ಪು ಹಾಕುವ ಸಮಯವನ್ನು ಮೊದಲೇ ಕೇಳಿಟ್ಟುಕೊಂಡು, ಒಂದು ಆವರಣಕ್ಕೆ ಒಂದು ಗಂಟೆಯನ್ನಾದರೂ ಕೊಡಿ.

ಮಕ್ಕಳನ್ನು ಚಿಪ್ಪಿನ ಮೇಲೆ ಕೂರಿಸಿ ಚಿತ್ರ ತೆಗೆಯಬೇಡಿ, ಸುತ್ತ ಇರುವವರು ಕೂರಿಸುತ್ತಿದ್ದರೂ ಬೇಡ. ಚಿಪ್ಪು ಬೆನ್ನೆಲುಬಿಗೆ ಬೆಸೆದ ಜೀವಂತ ಮೂಳೆ. ಮುಟ್ಟಿದ್ದು ಆಮೆಗೆ ತಿಳಿಯುತ್ತದೆ. ಮುಟ್ಟಲು ಬಿಡುವ ಕಡೆ ಕುತ್ತಿಗೆಯನ್ನು ಮೆಲ್ಲನೆ ನೇವರಿಸಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಆಮೆಯ ಮೈಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಊರಿಗೆ ಬಂದ ಮೇಲೆ ಮಕ್ಕಳು ಒಂದು ಆಮೆ ಸಾಕೋಣ ಎಂದರೆ ನಮ್ಮ ನಕ್ಷತ್ರ ಆಮೆಯ ವಿಷಯ ಹೇಳಿ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಕಳ್ಳಸಾಗಣೆಯಾಗಿ ಸಿಂಗಪುರಕ್ಕೆ ಹೋಗಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರ್‌ನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತರಬೇಕಾಯಿತು.

ವಿದೇಶಕ್ಕೆ ಹೊರಡುವ ಮೊದಲು ಅಭ್ಯಾಸಕ್ಕೆಂದು ಚೆನ್ನೈ ಬಳಿಯ ಮೊಸಳೆ ಬ್ಯಾಂಕ್ ಎಂಬ ಸರೀಸೃಪಗಳ ಉದ್ಯಾನಕ್ಕೆ ಒಮ್ಮೆ ಹೋಗಿ ಬನ್ನಿ, ಅಲ್ಲಿ ಅಲ್ಡಾಬ್ರಾ ಆಮೆಗಳಿವೆ. ಮಕ್ಕಳು ಅವುಗಳ ಮುಂದೆ ಅರ್ಧ ಗಂಟೆ ನಿಂತರೆ ಮಾರಿಷಸ್ಸಿಗೆ ಟಿಕೆಟ್ ತೆಗೆಯಿರಿ. ಈಲ್ ಒ ಜೆಗ್ರೆಟ್‌ನ ದೋಣಿಯನ್ನು ಮುಂಚಿತವಾಗಿಯೇ ಕಾದಿರಿಸಿ, ದಿನದ ಮೊದಲ ದೋಣಿಯನ್ನೇ ಕೇಳಿ, ಎಬೊನಿ ಸಸಿಗಳನ್ನು ತೋರಿಸುವಂತೆ ಮಾರ್ಗದರ್ಶಿಗೆ ಮರೆಯದೆ ಹೇಳಿ.