ಮಳೆ ಶುರುವಾದಾಗಿನಿಂದ ಬೇಸ್ ಗಿಟಾರ್ ಜರ್ರ್ ಅನ್ನುತ್ತಿದೆ, ಏನು ಮಾಡಲಿ?

ಪ್ರಶ್ನೆ: ಫೆಬ್ರುವರಿಯಲ್ಲಿ ಸೆಕೆಂಡ್ ಹ್ಯಾಂಡ್ ನಾಲ್ಕು ತಂತಿಯ ಬೇಸ್ ಗಿಟಾರ್ ಕೊಂಡೆ. ಆಗ ಚೆನ್ನಾಗಿಯೇ ಇತ್ತು. ಜುಲೈಯಿಂದ ಎರಡು ದಪ್ಪ ತಂತಿಗಳ ಮೇಲೆ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ) ಎಲ್ಲಿ ಬೆರಳಿಟ್ಟರೂ ಜರ್ರ್ ಎನ್ನುತ್ತದೆ. ಹತ್ತನೇ ಫ್ರೆಟ್ ದಾಟಿದರೆ ಸದ್ದಿಲ್ಲ. ಗೆಳೆಯರೊಬ್ಬರು ಬ್ರಿಜ್ ಬಳಿ ತಂತಿಗಳನ್ನು ಎತ್ತರಿಸಿಕೊಟ್ಟರು. ಈಗ ಒತ್ತಿ ಒತ್ತಿ ಬೆರಳು ನೋಯುತ್ತದೆ, ಜರ್ರ್ ಮಾತ್ರ ಹೋಗಿಲ್ಲ. ನಮ್ಮ ಕನ್ನಡ ಸಂಘದ ಗಣೇಶೋತ್ಸವದಲ್ಲಿ ಆರ್ಕೆಸ್ಟ್ರಾಕ್ಕೆ ನುಡಿಸಬೇಕು. ಹೊಸ ತಂತಿ ಹಾಕಿಸಲೇ, ಅಥವಾ ಇದನ್ನು ಮಾರಿ ಬೇರೆ ತೆಗೆದುಕೊಳ್ಳಲೇ?
— ಡೊಂಬಿವಲಿಯಿಂದ ಓದುಗರೊಬ್ಬರು

ಉತ್ತರ: ಮಾರಬೇಡಿ. ತಂತಿಗೂ ಸದ್ಯ ದುಡ್ಡು ಹಾಕಬೇಡಿ. ನಿಮ್ಮ ಪತ್ರದಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ. ಸದ್ದು ಎಲ್ಲಿ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೀವು ಸರಿಯಾಗಿ ಗಮನಿಸಿದ್ದೀರಿ. ನನ್ನ ಬಳಿ ರಿಪೇರಿಗೆ ತರುವವರಲ್ಲಿ ಹೆಚ್ಚಿನವರು ಅಷ್ಟನ್ನು ಹೇಳುವುದಿಲ್ಲ. ಮೊದಲ ಐದು ಫ್ರೆಟ್‌ಗಳಲ್ಲಿ ಸದ್ದು, ಮೇಲೆ ಹೋದರೆ ಇಲ್ಲ ಎಂದರೆ ಸಾಮಾನ್ಯವಾಗಿ ತೊಂದರೆ ತಂತಿಗಳ ಬುಡ ಕೂರುವ ಬ್ರಿಜ್‌ನಲ್ಲಿರುವುದಿಲ್ಲ, ಎಡಗೈ ಹಿಡಿಯುವ ಉದ್ದನೆಯ ಕತ್ತಿನಲ್ಲಿ, ಅಂದರೆ ನೆಕ್‌ನಲ್ಲಿರುತ್ತದೆ. ನೆಕ್ ತೀರಾ ನೆಟ್ಟಗಾಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ.

ಹಾಗಾದರೆ ಬ್ರಿಜ್ ಬಳಿ ಎತ್ತರಿಸಿದ್ದು ಏಕೆ ಕೆಲಸಕ್ಕೆ ಬರಲಿಲ್ಲ? ಲೆಕ್ಕ ಹಾಕಿ ನೋಡೋಣ. ನೀವು ಮೂರನೇ ಫ್ರೆಟ್‌ನಲ್ಲಿ ಬೆರಳಿಟ್ಟರೆ ತಂತಿ ಅಲ್ಲಿಂದ ಸ್ಯಾಡಲ್‌ವರೆಗೆ, ಅಂದರೆ ಬ್ರಿಜ್ ಮೇಲೆ ಆ ತಂತಿ ಕೂರುವ ಪುಟ್ಟ ತುಣುಕಿನವರೆಗೆ, ಒಂದು ಗೆರೆಯಂತೆ ನಿಲ್ಲುತ್ತದೆ. ಆ ತುದಿಯಲ್ಲಿ ಸ್ಯಾಡಲನ್ನು ಇಡೀ 1 ಮಿಲಿಮೀಟರ್ ಎತ್ತಿದರೂ, ಈ ತುದಿಯಲ್ಲಿ ಪಕ್ಕದ ನಾಲ್ಕನೇ ಫ್ರೆಟ್‌ ಮೇಲೆ ಸಿಗುವ ಹೆಚ್ಚುವರಿ ಜಾಗ ಸುಮಾರು 0.06 ಮಿಲಿಮೀಟರ್ ಅಷ್ಟೇ, ಒಂದು ತಲೆಗೂದಲಿನಷ್ಟು. ಅತ್ತ ಬೆರಳಿಡದೆ ಬಿಟ್ಟ ತಂತಿ ಹನ್ನೆರಡನೇ ಫ್ರೆಟ್‌ ಮೇಲೆ ಅರ್ಧ ಮಿಲಿಮೀಟರ್ ಏರಿಬಿಡುತ್ತದೆ. ಜರ್ರ್ ಹಾಗೇ ಉಳಿಯಿತು, ಬೆರಳಿಗೆ ನೋವು ಬಂತು. ನಿಮ್ಮ ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಆದರೆ ಮೊದಲು ಮುಟ್ಟಬೇಕಾದ ಜಾಗ ಅದಲ್ಲ.

ಬೇಸ್‌ನ ನೆಕ್ ಗೆರೆ ಎಳೆದಂತೆ ನೆಟ್ಟಗಿರಬಾರದು, ತಂತಿಯ ಕಡೆಗೆ ಒಂಚೂರು ಹಳ್ಳ ಇರಬೇಕು. ಮಕ್ಕಳು ಹಗ್ಗದಾಟ ಆಡುವಾಗ ನೋಡಿ, ಹಗ್ಗ ನಡುವೆಯೇ ಅಗಲವಾಗಿ ಬೀಸುತ್ತದೆ. ತಂತಿಯೂ ಹಾಗೆಯೇ. ಅದರಲ್ಲೂ ಇ ತಂತಿ ಎಲ್ಲಕ್ಕಿಂತ ದಪ್ಪ, ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ, ಬೀಸು ದೊಡ್ಡದು. ಆ ಬೀಸಿಗೆ ಜಾಗ ಬಿಡುವುದಕ್ಕೇ ಈ ಹಳ್ಳ. ನಾಲ್ಕು ತಂತಿಗಳು ಸೇರಿ ನೆಕ್ಕನ್ನು ಎಪ್ಪತ್ತು ಕಿಲೋಗೂ ಮಿಕ್ಕ ಬಲದಿಂದ ಮುಂದಕ್ಕೆ ಎಳೆಯುತ್ತವೆ. ಒಳಗೆ ಹುದುಗಿರುವ ಉಕ್ಕಿನ ಸರಳು, ಅಂದರೆ ಟ್ರಸ್ ರಾಡ್, ಅದನ್ನು ಹಿಂದಕ್ಕೆ ಹಿಡಿದಿಡುತ್ತದೆ. ಇವೆರಡರ ಎಳೆದಾಟದಲ್ಲಿ ನಿಂತಿರುವುದು ಮರ. ಫೆಬ್ರುವರಿಯ ಒಣ ಗಾಳಿಯಲ್ಲಿ ಇದ್ದ ಮರ ಜುಲೈಯಲ್ಲಿ ನಮ್ಮ ಮುಂಬೈನ ತೇವ ಕುಡಿದರೆ ಆಕಾರ ಬದಲಿಸಿಯೇ ಬದಲಿಸುತ್ತದೆ. ಎಲ್ಲ ನೆಕ್‌ಗಳೂ ಒಂದೇ ದಿಕ್ಕಿಗೆ ಬಾಗುವುದಿಲ್ಲ. ಆದ್ದರಿಂದ ಊಹೆ ಬೇಡ, ಅಳೆಯಿರಿ.

ಅಳೆಯುವುದು ಹೀಗೆ. ತಂತಿಗಳನ್ನು ನೀವು ನುಡಿಸುವ ಶ್ರುತಿಗೇ ತನ್ನಿ. ಬೇಸನ್ನು ಮಲಗಿಸಬೇಡಿ, ನುಡಿಸುವಾಗ ಹಿಡಿಯುವಂತೆ ತೊಡೆಯ ಮೇಲೆ ಇಟ್ಟುಕೊಳ್ಳಿ. ಇ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್‌ನಲ್ಲಿ, ಬಲಗೈಯಿಂದ ನೆಕ್ ಗಿಟಾರಿನ ಒಡಲಿಗೆ ಸೇರುವಲ್ಲಿ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ಅಡಿಪಟ್ಟಿ. ಏಳು–ಎಂಟನೇ ಫ್ರೆಟ್‌ನ ತಲೆಗೂ ತಂತಿಯ ತಳಕ್ಕೂ ನಡುವಿನ ಸಂದಿಯನ್ನು ಇನ್ನೊಬ್ಬರಿಂದ ನೋಡಿಸಿ. 0.3ರಿಂದ 0.35 ಮಿಲಿಮೀಟರ್ ಇದ್ದರೆ ಸರಿ. ಗ್ಯಾರೇಜಿನವರು ಸ್ಪಾರ್ಕ್ ಪ್ಲಗ್‌ನ ಸಂದಿ ಅಳೆಯಲು ಹಾಕಿ ನೋಡುವ ಫೀಲರ್ ಗೇಜ್ ಮುಂಬೈನ ನಾಗದೇವಿ ಸ್ಟ್ರೀಟ್‌ನ ಟೂಲ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಒಂದು ಸಾಧಾರಣ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ಕಾರ್ಡ್ ತಂತಿಯನ್ನು ಎತ್ತದೆ, ಸವರಿಕೊಂಡು ಹೋಗಬೇಕು. ನಿಮ್ಮದರಲ್ಲಿ ಕಾರ್ಡ್ ತೂರುವುದೇ ಇಲ್ಲ, ತಂತಿ ಫ್ರೆಟ್‌ಗೆ ಅಂಟಿಕೊಂಡಿರುತ್ತದೆ ಎಂದು ನನ್ನ ಅಂದಾಜು.

ಅಂದಾಜು ನಿಜವಾದರೆ ಟ್ರಸ್ ರಾಡ್ ಸಡಿಲಿಸಬೇಕು. ಸರಳಿನ ತುದಿಯಲ್ಲಿರುವ ನಟ್ಟಿನ ಎದುರಿಗೆ ನಿಂತು ನೋಡಿದಾಗ ಬಲಕ್ಕೆ ತಿರುಗಿಸಿದರೆ ಬಿಗಿ, ಹಳ್ಳ ಕಡಿಮೆ. ಎಡಕ್ಕೆ ತಿರುಗಿಸಿದರೆ ಸಡಿಲ, ಹಳ್ಳ ಹೆಚ್ಚು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಅಳೆದು, ಒಂದು ರಾತ್ರಿ ಹಾಗೇ ಬಿಡಿ. ಮರ ನಿಧಾನವಾಗಿ ಕೂರುತ್ತದೆ, ಬೆಳಿಗ್ಗೆ ಅಳತೆ ಬೇರೆಯೇ ಇರಬಹುದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನು ಒಬ್ಬರ ಬೇಸ್‌ನ ಟ್ರಸ್ ರಾಡ್ ನಟ್ಟಿಗೆ ಸುಮಾರಾಗಿ ಹೊಂದುವ ಆಲನ್ ಕೀ (ಆರು ಮೂಲೆಯ ಕೀಲಿ) ಹಾಕಿ ತಿರುಗಿಸಿದೆ. ಕೀ ಜಾರಿತು, ಆರು ಮೂಲೆಗಳೂ ಸವೆದು ದುಂಡಗಾದವು. ಆ ನಟ್ಟನ್ನು ಹೊರತೆಗೆಯಲು ನನ್ನ ಗುರುಗಳಿಗೆ ಎರಡು ದಿನ ಬೇಕಾಯಿತು. ಆ ಬೇಸ್‌ನ ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮುಖ ಇಂದಿಗೂ ಕಣ್ಣ ಮುಂದಿದೆ. ಅಮೆರಿಕದಲ್ಲಿ ತಯಾರಾದ ಬೇಸ್‌ಗಳಿಗೆ ಹೆಚ್ಚಾಗಿ ಇಂಚಿನ ಕೀ ಬೇಕು, ಏಷ್ಯಾದಲ್ಲಿ ತಯಾರಾದವಕ್ಕೆ ಸಾಮಾನ್ಯವಾಗಿ ಮಿಲಿಮೀಟರ್ ಕೀ. ಅಲುಗಾಡದೆ ಗಟ್ಟಿಯಾಗಿ ಕೂರುವ ಕೀ ಸಿಗುವವರೆಗೆ ಕೈ ಹಾಕಬೇಡಿ. ನಟ್ಟು ಜಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಕೈ ಪಳಗಿದವರಿಗೆ ಕೊಡಿ.

ನೆಕ್ ಸರಿಯಾದ ಮೇಲಷ್ಟೇ ಸ್ಯಾಡಲ್. ಗೆಳೆಯರು ಎತ್ತಿದ್ದನ್ನು ಈಗ ಇಳಿಸಬಹುದು. ಹದಿನೇಳನೇ ಫ್ರೆಟ್‌ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ನೋಡಿ. ಇ ತಂತಿಯ ತಳ ಫ್ರೆಟ್‌ನಿಂದ ಸುಮಾರು 2.4 ಮಿಲಿಮೀಟರ್, ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಯದು 2 ಮಿಲಿಮೀಟರ್ ಇರುವಂತೆ ಶುರುಮಾಡಿ. ನಡುವಿನ ಎರಡು ತಂತಿಗಳು ಫಿಂಗರ್‌ಬೋರ್ಡ್‌ನ, ಅಂದರೆ ಫ್ರೆಟ್‌ಗಳಿರುವ ಹಲಗೆಯ, ಉಬ್ಬನ್ನು ಅನುಸರಿಸಿ ನಿಲ್ಲಲಿ. ಸ್ಯಾಡಲ್‌ನ ಎರಡೂ ಸ್ಕ್ರೂ ಸಮವಾಗಿ ತಿರುಗಬೇಕು, ಸ್ಯಾಡಲ್ ವಾಲಬಾರದು. ನಮ್ಮ ಉಪ್ಪು ಗಾಳಿಗೆ ಈ ಪುಟ್ಟ ಸ್ಕ್ರೂಗಳು ಬೇಗ ತುಕ್ಕು ಹಿಡಿಯುತ್ತವೆ. ತಿರುಗಿಸುವ ಮೊದಲು ಹಲ್ಲುಕಡ್ಡಿಯ ತುದಿಯಿಂದ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಮುಟ್ಟಿಸಿ, ಅರ್ಧ ಗಂಟೆ ಬಿಡಿ. ತಂತಿಯ ಎತ್ತರ ಬದಲಾದರೆ ಮೇಲಿನ ಫ್ರೆಟ್‌ಗಳ ಸ್ವರವೂ ತುಸು ಸರಿಯುತ್ತದೆ. ಹನ್ನೆರಡನೇ ಫ್ರೆಟ್ ಒತ್ತಿದ ಸ್ವರವನ್ನೂ ಅಲ್ಲಿ ಒತ್ತದೆ ಬೆರಳು ಸೋಕಿಸಿ ಮೀಟಿದಾಗ ಬರುವ ಹಾರ್ಮೋನಿಕ್ಕನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ನೆಕ್‌ನಿಂದ ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ ಮುಂದಕ್ಕೆ ಸರಿಸಿ.

ಇಷ್ಟಾದ ಮೇಲೂ ಒಂದೇ ಒಂದು ಜಾಗದಲ್ಲಿ ಸದ್ದು ಉಳಿದರೆ, ಅದರ ಮುಂದಿನ ಯಾವುದೋ ಫ್ರೆಟ್ ಎದ್ದಿರುತ್ತದೆ. ಎಟಿಎಂ ಕಾರ್ಡಿನ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ. ತೂಗುಯ್ಯಾಲೆಯಂತೆ ಆಡಿದರೆ ನಡುವಿನದೇ ಕಳ್ಳ. ಅದನ್ನು ಅರೆಯುವ ಕೆಲಸ ಮನೆಯಲ್ಲಿ ಬೇಡ. ಬಿಟ್ಟ ತಂತಿ ಮಾತ್ರ ಜರ್ರ್ ಎಂದರೆ ನೆಕ್‌ನ ತಲೆಯ ಬಳಿ ತಂತಿಗಳು ಹಾಯುವ ಪಟ್ಟಿಯ (ಅದನ್ನೂ ನಟ್ ಎನ್ನುತ್ತಾರೆ) ಗೀರು ಆಳವಾಗಿದೆ, ಆ ಪಟ್ಟಿಯನ್ನು ಬದಲಿಸಬೇಕು.

ಒಂದಿಷ್ಟು ಸದ್ದು ಉಳಿದರೆ ಹೆದರಬೇಡಿ. ತಂಬೂರಿಯಲ್ಲಿ ತಂತಿಯಡಿ ದಾರವಿಟ್ಟು ಆ ಝೇಂಕಾರವನ್ನು ನಾವೇ ಹುಡುಕಿ ತೆಗೆಯುತ್ತೇವೆ. ಬೇಸ್‌ನಲ್ಲಿ ಅದು ಬೇಡ, ನಿಜ. ಆದರೆ ಮಲಗುವ ಕೋಣೆಯಲ್ಲಿ ಕಿವಿಗೆ ಬೀಳುವ ಸಣ್ಣ ಕಿರಿಕಿರಿ ಆಂಪ್ಲಿಫೈಯರ್‌ನಲ್ಲಿ ಬಹಳ ಸಲ ಕೇಳಿಸುವುದೇ ಇಲ್ಲ. ಆಂಪ್‌ಗೆ ಹಾಕಿ, ನಿಮ್ಮ ಎಂದಿನ ಜೋರಿನಲ್ಲೇ ನುಡಿಸಿ ಕೇಳಿ. ಜೋರಾಗಿ ಮೀಟುವ ಕೈಯಾದರೆ ತಂತಿ ಸ್ವಲ್ಪ ಎತ್ತರವೇ ಇರಲಿ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿಗಳನ್ನು ಎತ್ತರದಲ್ಲೇ ಇಟ್ಟುಕೊಂಡಿದ್ದರು. ಆ ಸ್ವರದ ತೂಕದಲ್ಲಿ ಅದಕ್ಕೂ ಪಾಲಿದೆ ಎಂದು ನಾನು ನಂಬುತ್ತೇನೆ.

ಈ ಕೆಲಸವನ್ನೆಲ್ಲ ಹಬ್ಬಕ್ಕೆ ಹತ್ತು ದಿನ ಇರುವಾಗಲೇ ಮುಗಿಸಿ. ಕಾರ್ಯಕ್ರಮದ ದಿನ ಮಳೆಯಲ್ಲಿ ಲೋಕಲ್ ಹಿಡಿದು ಎಸಿ ಹಾಲ್‌ಗೆ ಬಂದ ಮೇಲೆ, ಚೀಲದ ಜಿಪ್ ತೆರೆದು ಬೇಸನ್ನು ಇಪ್ಪತ್ತು ನಿಮಿಷ ಸುಮ್ಮನೆ ಬಿಡಿ, ಆಮೇಲೆ ಶ್ರುತಿ ಮಾಡಿ. ಆಲನ್ ಕೀ ಅಂದು ಮನೆಯಲ್ಲೇ ಇರಲಿ.