ಕೊಟ್ಟಿಗೆ ಹಿಂದೆ ಕಿರುಚುತ್ತಿದ್ದ ಹುಡುಗ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಸೋಮವಾರಪೇಟೆ ಕಡೆಯ ಅಪ್ಪ, ಮಗ ಜುಲೈನ ಜಡಿಮಳೆಯಲ್ಲಿ ನನ್ನ ಹತ್ತಿರ ಸಲಹೆ ಕೇಳೋಕೆ ಬಂದರು. ಮಗನಿಗೆ 23 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಮನೆ ಸೇರಿದ್ದಾನೆ. ವಿಡಿಯೋ ಗೇಮ್ ಪಾತ್ರಗಳಿಗೆ ದನಿ ಕೊಡಬೇಕು ಅನ್ನೋದು ಆಸೆ. "ದಿನಾ ಸಂಜೆ ಕೊಟ್ಟಿಗೆ ಹಿಂದೆ ನಿಂತು ಕಿರುಚ್ತಾನೆ ಮೇಡಂ. ತೋಟದ ಕೆಲಸದವರು ಏನಂದ್ಕೋಬೇಕು?" ಅಂದರು ಅಪ್ಪ. ಹುಡುಗನ ದನಿ ಒಡೆದಿತ್ತು. ಮೂರು ವಾರದಿಂದ ಹಾಗೇ ಇದೆಯಂತೆ.

ಮೊದಲು ಕಿರುಚೋದು ನಿಲ್ಲಿಸು, ಇಎನ್‌ಟಿ ಡಾಕ್ಟರಿಗೆ ತೋರಿಸು ಅಂದೆ. ಗೇಮ್‌ನಲ್ಲಿ ಪೆಟ್ಟು ತಿನ್ನೋದು, ಬೀಳೋದು, ಸಾಯೋದು, ಎಲ್ಲಕ್ಕೂ ಬೇರೆ ಬೇರೆ ಕೂಗು ಬೇಕು. ಅಂಥ ಕೂಗುಗಳನ್ನು ಸಾಮಾನ್ಯವಾಗಿ ರೆಕಾರ್ಡಿಂಗ್‌ನ ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೊದಲೇ ಕೂಗಿದರೆ ಮಾತಿಗೆ ಗಂಟಲು ಉಳಿಯಲ್ಲ. 2016ರಲ್ಲಿ ಅಮೆರಿಕದಲ್ಲಿ ಗೇಮ್‌ಗಳಿಗೆ ದನಿ ಕೊಡುವ ಕಲಾವಿದರು ಮುಷ್ಕರ ಹೂಡಿದಾಗ ಗಂಟಲಿಗೆ ಬೀಳುವ ಒತ್ತಡವೂ ಒಂದು ವಿಷಯವಾಗಿತ್ತು. ಅಪ್ಪ ಇದನ್ನು ಗಮನ ಕೊಟ್ಟು ಕೇಳಿಸಿಕೊಂಡರು. ಹಾಗಾದ್ರೆ ಇದೂ ಒಂದು ಕಸುಬೇ ಅಂತ ಅವರಿಗೆ ಆಗಲೇ ಅನ್ನಿಸಿದ್ದು.

ಎರಡನೇ ಸಲ ಹುಡುಗ ಒಬ್ಬನೇ ಬಂದು ಫೋನಿನಲ್ಲಿ ತನ್ನ ರೆಕಾರ್ಡಿಂಗ್ ಕೇಳಿಸಿದ. ದಪ್ಪ ದನಿ, ಪುಸ್ತಕದ ಕನ್ನಡ. ಅದರಲ್ಲಿ ಅವನೇ ಇರಲಿಲ್ಲ. ಮನೇಲಿ ಯಾರ ದನಿ ಇಷ್ಟ ಅಂತ ಕೇಳಿದೆ. "ಅಜ್ಜಿದು." ಮಳೇಲಿ ಅಜ್ಜಿ ಹಸುವನ್ನು ಕೂಗಿ ಕರೆಯೋದನ್ನು ಮಾಡಿ ತೋರಿಸು ಅಂದೆ. ಅವನ ಹೆಗಲು ಕುಸಿಯಿತು, ಕೈ ಬಾಯಿ ಪಕ್ಕಕ್ಕೆ ಬಂತು. ಕೊಡಗಿನ ಕಡೆ ಆಡುವ ಅರೆಭಾಷೆಯಲ್ಲಿ ಬೈಯ್ಯುತ್ತಾ, ಮುದ್ದು ಮಾಡುತ್ತಾ ಕರೆದ. ನನಗೆ ಮೈ ಜುಮ್ ಅಂತು. ಇದನ್ನು ಯಾಕೆ ರೆಕಾರ್ಡ್ ಮಾಡಿಲ್ಲ?

"ನಗ್ತಾರೆ ಮೇಡಂ."

ಹಿಂದಿನ ಕೆಲಸದಲ್ಲಿ ಅವನ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದರಂತೆ. ನೋವು ಇರೋದು ಗಂಟಲಲ್ಲಿ ಮಾತ್ರ ಅಲ್ಲ ಅಂತ ಆಗ ಗೊತ್ತಾಯಿತು. ಆ ದಿನ ಹೆಚ್ಚು ಹೊತ್ತು ಅದನ್ನೇ ಮಾತಾಡಿದೆವು.

ಗೇಮ್‌ಗೆ ಹೆಚ್ಚಾಗಿ ಒಬ್ಬರೇ ನಿಂತು ಮಾತಾಡಬೇಕು. ಕಥೆಯ ಹಿಂದುಮುಂದು ಗೊತ್ತಿಲ್ಲದ ಬಿಡಿ ಸಾಲುಗಳು. ಎದುರಿಗೆ ಹಸು ಇಲ್ಲದೆಯೂ ಹಸು ಕಾಣಬೇಕು. ಇದು ಅಭಿನಯ, ಸುಮ್ನೆ ದನಿ ಬದಲಿಸೋದಲ್ಲ. ಅದಕ್ಕೇ ನಾಟಕ ತಂಡ ಸೇರು ಅಂದೆ. ಕೆಲಸ ಕೊಡುವವರಿಗೆ ಕೇಳಿಸೋಕೆ ಒಂದು ನಿಮಿಷದ ಡೆಮೊ, ಅಂದ್ರೆ ದನಿಯ ಮಾದರಿ, ಸಾಕು. ಅದರಲ್ಲಿ ಮೂರು ನಾಲ್ಕು ಬೇರೆ ಬೇರೆ ಪಾತ್ರಗಳು ಇರಲಿ, ಚೆನ್ನಾಗಿರೋದು ಮೊದಲು ಬರಲಿ. ಜಿಂಕ್ ಶೀಟಿನ ಕೆಳಗೆ ಬೇಡ, ಮಳೆ ಬಿಟ್ಟ ರಾತ್ರಿ ಕಂಬಳಿ ಹೊದ್ದು ರೆಕಾರ್ಡ್ ಮಾಡು. ಕೆಲಸ ಗ್ಯಾರಂಟಿ ಅಂತ 40,000 ಕೇಳಿದವರಿಗೆ ಒಂದು ರೂಪಾಯಿಯೂ ಬೇಡ. ನಿನ್ನ ದನಿಯಿಂದ ಎಐ ದನಿ ಮಾಡ್ತಾರಾ ಅಂತ ಒಪ್ಪಂದ ಓದಿ, ಕೇಳಿಯೇ ಸಹಿ ಹಾಕು.

ಅಪ್ಪ ಒಂದು ವರ್ಷ ಸಮಯ ಕೊಟ್ಟರು. ಕಾಫಿ ಕೊಯ್ಲಿನ ದಿನಗಳಲ್ಲಿ ಮಾತ್ರ ಮಗ ತೋಟದಲ್ಲಿರಬೇಕು.

ನವೆಂಬರಿನಲ್ಲಿ ಇಬ್ಬರೂ ಬಂದರು. ದನಿ ಸರಿಯಾಗಿತ್ತು. ಒಂದು ಆಡಿಷನ್ ಕೊಟ್ಟಿದ್ದ, ಪಾತ್ರ ಸಿಕ್ಕಿರಲಿಲ್ಲ. ಅಪ್ಪ ಹೊರಡುವಾಗ ಹೇಳಿದರು: "ಇವನು ಅಜ್ಜಿ ಥರ ಕರೆದ್ರೆ ಹಸು ಬರ್ತದೆ ಮೇಡಂ. ನಾನೇ ನೋಡ್ದೆ."